ಒಂದು ಕಾರ್ಬುರೇಟರೋ, ಎರಡೋ? ಹಳೇ ಬ್ರಿಟಿಷ್ ಟ್ವಿನ್ ಬೈಕ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಇಂಗ್ಲೆಂಡಿನ ಕಾವೆಂಟ್ರಿ ಹತ್ತಿರ. ಹಳೇ ಟ್ರಯಂಫ್ ಬೈಕುಗಳು ತಯಾರಾಗುತ್ತಿದ್ದ ಮೆರಿಡನ್ ಇಲ್ಲಿಂದ ಕೂಗಳತೆ ದೂರ. ಫ್ಯಾಕ್ಟರಿ ಈಗ ಇಲ್ಲ, ಅಲ್ಲಿ ಮನೆಗಳೆದ್ದಿವೆ. ಟ್ವಿನ್ ಅಂದರೆ ಎರಡು ಸಿಲಿಂಡರಿನ ಎಂಜಿನ್, ಕಾರ್ಬುರೇಟರು ಅಂದರೆ ಪೆಟ್ರೋಲು, ಗಾಳಿ ಬೆರೆಸಿ ಅದಕ್ಕೆ ಉಣಿಸುವ ಸಾಧನ. ನನ್ನ ಶೆಡ್ಡಿನಲ್ಲಿರುವುದು 1969ರ ಟ್ರಯಂಫ್ ಟಿಆರ್6, ಒಂದೇ ಕಾರ್ಬುರೇಟರಿನದು. ಅದಕ್ಕೆ ಮುಂಚೆ ಕೆಲವು ವರ್ಷ ಎರಡು ಕಾರ್ಬುರೇಟರಿನ ಬಾನವಿಲ್ ಇತ್ತು. ಎರಡರ ಜೊತೆಗೂ ಬಾಳಿದವನು ಅಂತ ಊರಿನ ಸ್ನೇಹಿತರು, ಅವರ ಸ್ನೇಹಿತರು ಫೋನು ಮಾಡಿ ಕೇಳುತ್ತಿರುತ್ತಾರೆ. ಪ್ರತಿ ಸಲ ಅದೇ ಉತ್ತರ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಸುತ್ತಿ ಬಳಸಬೇಡಿ. ಒಂದು ಒಳ್ಳೆಯದೋ ಎರಡೋ?

ಇನ್ನೂ ಗಾಡಿ ಕೊಂಡಿಲ್ಲ, ರಸ್ತೆಯಲ್ಲಿ ಆರಾಮವಾಗಿ ಓಡಿಸಬೇಕು ಅಂದರೆ ಒಂದು. ಈಗಾಗಲೇ ಎರಡಿರುವ ಗಾಡಿ ಮನೆಯಲ್ಲಿದ್ದರೆ ಎರಡನ್ನೇ ಇಟ್ಟುಕೊಂಡು ಸರಿಮಾಡಿಕೊಳ್ಳಿ. ಎರಡನ್ನು ಕಿತ್ತು ಒಂದು ಹಾಕಿಸಿದವರಲ್ಲಿ ಅರ್ಧಕ್ಕರ್ಧ ಜನರ ಕಾಯಿಲೆ ಕಾರ್ಬುರೇಟರಿನಲ್ಲಿ ಇರಲೇ ಇಲ್ಲ ಅನ್ನುವುದು ನನ್ನ ಅನುಮಾನ.

ಸಿಲಿಂಡರ್ ಎರಡಿದ್ದ ಮೇಲೆ ಕಾರ್ಬುರೇಟರೂ ಎರಡಿರಬೇಕಲ್ಲವೇ? ನಮ್ಮ ರಾಜದೂತ್ 350ಗೆ ಎರಡಿತ್ತು.

ರಾಜದೂತ್ ಆರ್‌ಡಿಯ ಕಥೆಯೇ ಬೇರೆ. ಅದು ಟೂ ಸ್ಟ್ರೋಕ್. ಎರಡು ಸಿಲಿಂಡರುಗಳ ಕ್ರ್ಯಾಂಕ್‌ಕೇಸುಗಳೂ (ಪಿಸ್ಟನ್ ಕೆಳಗಿನ ಕೋಣೆಗಳೂ) ಬೇರೆ ಬೇರೆ, ಒಂದು ಪಿಸ್ಟನ್ ಮೇಲಿದ್ದಾಗ ಇನ್ನೊಂದು ಕೆಳಗೆ. ಒಂದೊಂದು ಕೋಣೆಗೂ ಅದರದ್ದೇ ಬಾಗಿಲು ಇರಬೇಕಾದ ಎಂಜಿನ್ ಅದು.

ಹಳೇ ಬ್ರಿಟಿಷ್ ಟ್ವಿನ್‌ನಲ್ಲಿ ಎರಡು ಪಿಸ್ಟನ್‌ಗಳೂ ಒಟ್ಟಿಗೇ ಮೇಲೇರಿ ಒಟ್ಟಿಗೇ ಕೆಳಗಿಳಿಯುತ್ತವೆ. ಇದಕ್ಕೆ 360 ಡಿಗ್ರಿ ಕ್ರ್ಯಾಂಕ್ ಎನ್ನುತ್ತಾರೆ. ಪಿಸ್ಟನ್‌ಗಳು ಜೋಡಿಯಾಗಿ ಹೋದರೂ ಕೆಲಸ ಸರದಿಯಲ್ಲಿ ನಡೆಯುತ್ತದೆ. ಎಡಗಡೆಯದು ಗಾಳಿ ಎಳೆದುಕೊಳ್ಳುತ್ತಾ ಇಳಿಯುವಾಗ ಬಲಗಡೆಯದು ಉರಿದು ತಳ್ಳಿಸಿಕೊಂಡು ಇಳಿಯುತ್ತಿರುತ್ತದೆ. ಮುಂದಿನ ಸುತ್ತಿನಲ್ಲಿ ಅದಲು ಬದಲು. ಒಂದು ಸುತ್ತಿಗೆ ಒಂದೇ ಸಲ, ಸಮ ಅಂತರದಲ್ಲಿ, ಗಾಳಿ ಎಳೆದುಕೊಳ್ಳುವ ಕೆಲಸ ಆಗುತ್ತದೆ. ಒಂದೇ ಬಾವಿಗೆ ಇಬ್ಬರು ಸರದಿಯಲ್ಲಿ ಕೊಡ ಇಳಿಸಿದ ಹಾಗೆ. ಇಬ್ಬರಿಗೂ ನೀರು ಸಮನಾಗಿ ಸಿಗುತ್ತದೆ, ಜಗಳವಿಲ್ಲ. ಹೋಂಡಾ ಸಿಬಿ450ಯಂತಹ 180 ಡಿಗ್ರಿ ಫೋರ್ ಸ್ಟ್ರೋಕ್‌ಗಳಲ್ಲಿ ಈ ಸರದಿ ಕುಂಟುತ್ತದೆ. ಒಂದು ಎಳೆತದ ಬೆನ್ನಿಗೇ ಇನ್ನೊಂದು, ಆಮೇಲೆ ಉದ್ದದ ಬಿಡುವು. ಅಂಥದ್ದಕ್ಕೆ ಒಂದೇ ಕಾರ್ಬುರೇಟರಿನಿಂದ ಸಮನಾಗಿ ಉಣಿಸುವುದು ಕಷ್ಟ.

ಹಾಗಾದರೆ ಬ್ರಿಟಿಷರು ಎರಡು ಹಾಕಿದ್ದಾದರೂ ಯಾಕೆ?

ಅಮೆರಿಕದವರು ಕೇಳಿದರು ಅಂತ. ಇದು ಅರ್ಧ ತಮಾಷೆ, ಅರ್ಧ ನಿಜ.

ಎಡ್ವರ್ಡ್ ಟರ್ನರ್ 1937ರಲ್ಲಿ ತಂದ ಸ್ಪೀಡ್ ಟ್ವಿನ್ 498 ಸಿಸಿಯದು, ಕಾರ್ಬುರೇಟರು ಒಂದೇ. ಆ ಬೈಕು ಇಡೀ ಬ್ರಿಟಿಷ್ ಉದ್ಯಮಕ್ಕೆ ಮಾದರಿಯಾಯಿತು. ಯುದ್ಧ ಮುಗಿದ ಮೇಲೆ ಅದನ್ನೇ ಹಿಗ್ಗಿಸಿ 650 ಸಿಸಿಯ ಥಂಡರ್‌ಬರ್ಡ್ ಮಾಡಿದರು. 1949ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ ಬಳಿಯ ಮಾಂಟ್ಲೆರಿ ಟ್ರ್ಯಾಕ್‌ನಲ್ಲಿ ಮೂರು ಥಂಡರ್‌ಬರ್ಡ್‌ಗಳನ್ನು 500 ಮೈಲಿ ಓಡಿಸಿದರು. ಸರಾಸರಿ ವೇಗ ಗಂಟೆಗೆ 90 ಮೈಲಿಗೂ ಹೆಚ್ಚು. ಮೂರಕ್ಕೂ ಇದ್ದದ್ದು ಒಂದೊಂದೇ ಕಾರ್ಬುರೇಟರು. ಒಂದರಲ್ಲಿ ಗಾಡಿ ಓಡುವುದಿಲ್ಲ ಎನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

1956ರಲ್ಲಿ ಅಮೆರಿಕದ ಯೂಟಾ ರಾಜ್ಯದ ಬಾನವಿಲ್ ಉಪ್ಪಿನ ಬಯಲಿನಲ್ಲಿ ಜಾನಿ ಆಲನ್ ಎಂಬಾತ ಟ್ರಯಂಫ್ ಎಂಜಿನ್ ಇದ್ದ ಉದ್ದನೆಯ ಸಿಗಾರಿನಂಥ ವಾಹನದಲ್ಲಿ ಗಂಟೆಗೆ 214 ಮೈಲಿ ಮುಟ್ಟಿದ. ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಸಂಸ್ಥೆ ಆ ದಾಖಲೆಯನ್ನು ಒಪ್ಪಲಿಲ್ಲ. ಟ್ರಯಂಫ್‌ನವರು ಒಪ್ಪಿಕೊಂಡರು, ಹೆಸರನ್ನೂ ಎತ್ತಿಕೊಂಡರು. 1959ರಲ್ಲಿ ಬಂದ ಟಿ120 ಬಾನವಿಲ್‌ಗೆ ಎರಡು ಕಾರ್ಬುರೇಟರು, 6500 ಆರ್‌ಪಿಎಮ್‌ನಲ್ಲಿ 46 ಅಶ್ವಶಕ್ತಿ. ಮೊದಲ ವರ್ಷದ ಗಾಡಿಗಳಲ್ಲಿ ಕಾರ್ಬುರೇಟರುಗಳ ಫ್ಲೋಟ್ ಬಟ್ಟಲನ್ನು (ಪೆಟ್ರೋಲು ನಿಲ್ಲುವ ಪುಟ್ಟ ಬಟ್ಟಲು) ಕತ್ತರಿಸಿ ತೆಗೆದು, ಎರಡಕ್ಕೂ ಸೇರಿ ಒಂದು ಬಟ್ಟಲನ್ನು ಪ್ರತ್ಯೇಕವಾಗಿ ತೂಗುಹಾಕಿದ್ದರು. ಜೋರಾಗಿ ಎತ್ತಿದಾಗ, ಬ್ರೇಕ್ ಹಿಡಿದಾಗ ಪೆಟ್ರೋಲು ಅತ್ತಿತ್ತ ತುಳುಕಿ ಎಂಜಿನ್ ತಡವರಿಸುತ್ತಿತ್ತು. ಒಂದೆರಡು ವರ್ಷದಲ್ಲಿ ಆ ಏರ್ಪಾಡು ಬಿಟ್ಟು ಒಂದೊಂದಕ್ಕೂ ಅದರದ್ದೇ ಬಟ್ಟಲು ಕೊಟ್ಟರು. ಎರಡು ಕಾರ್ಬುರೇಟರಿಗೆ ಕೆಟ್ಟ ಹೆಸರು ಬಂದದ್ದರಲ್ಲಿ ಈ ಬಟ್ಟಲಿನ ಪಾಲೂ ಇದೆ.

ಎರಡಿದ್ದರೆ ನಿಜವಾಗಿ ಸಿಗುವ ಲಾಭ ಏನು?

ಮೇಲಿನ ವೇಗದಲ್ಲಿ ಉಸಿರು. ಒಂದೇ ಕಾರ್ಬುರೇಟರಾದರೆ ಗಾಳಿ ಕವಲೊಡೆದ ಮ್ಯಾನಿಫೋಲ್ಡಿನಲ್ಲಿ ಎಡಕ್ಕೋ ಬಲಕ್ಕೋ ತಿರುಗಿ ಹೋಗಬೇಕು. ಎರಡಾದರೆ ಪ್ರತಿ ಸಿಲಿಂಡರಿಗೂ ನೇರ ದಾರಿ. 5000 ಆರ್‌ಪಿಎಮ್ ದಾಟಿದ ಮೇಲೆ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ ಇದರ ಬೆಲೆ ಗೊತ್ತಾಗುತ್ತದೆ. 1969ರಲ್ಲಿ ಮ್ಯಾಲ್ಕಮ್ ಅಪ್‌ಹಿಲ್ ಐಲ್ ಆಫ್ ಮ್ಯಾನ್‌ನ ಪ್ರೊಡಕ್ಷನ್ ಟಿಟಿ ರೇಸಿನಲ್ಲಿ ಬಾನವಿಲ್ ಓಡಿಸಿ ಗಂಟೆಗೆ 100 ಮೈಲಿಯ ಸರಾಸರಿಯಲ್ಲಿ ಸುತ್ತು ಮುಗಿಸಿದ. ಪ್ರೊಡಕ್ಷನ್ ಬೈಕೊಂದು ಅಲ್ಲಿ ಆ ಗೆರೆ ದಾಟಿದ್ದು ಅದೇ ಮೊದಲು. ಡನ್‌ಲಪ್‌ನವರ ಟಿಟಿ100 ಟೈರಿಗೆ ಹೆಸರು ಬಂದದ್ದು ಆ ಸುತ್ತಿನಿಂದ. ನೀವು ಅಪ್‌ಹಿಲ್ ಆದರೆ ಎರಡು ಬೇಕು.

ನಾವು ಅಪ್‌ಹಿಲ್ ಅಲ್ಲ. ಗಂಟೆಗೆ 60 ಮೈಲಿಯಲ್ಲಿ, ಅಂದರೆ ಸುಮಾರು 95 ಕಿಲೋಮೀಟರಿನಲ್ಲಿ, ಈ 650 ಎಂಜಿನ್ ಟಾಪ್ ಗೇರಿನಲ್ಲಿ 4000 ಆರ್‌ಪಿಎಮ್‌ನ ಒಳಗೇ ಇರುತ್ತದೆ. ಆಕ್ಸಿಲರೇಟರ್ ತಿರುಗಿಸಿದಾಗ ಕಾರ್ಬುರೇಟರಿನೊಳಗೆ ಮೇಲೇಳುವ ಸ್ಲೈಡು ಹೆಚ್ಚೆಂದರೆ ಕಾಲು ಭಾಗ ಎದ್ದಿರುತ್ತದೆ. ಅಲ್ಲಿ ಒಂದಕ್ಕೂ ಎರಡಕ್ಕೂ ವ್ಯತ್ಯಾಸ ಹುಡುಕಬೇಕು. ಇನ್ನೂ ಒಂದು ಮಾತು. ಬಿಎಸ್ಎ ಕಂಪನಿಯ 1962ರ ರಾಕೆಟ್ ಗೋಲ್ಡ್ ಸ್ಟಾರ್ ಕೂಡ 650 ಸಿಸಿಯದೇ, ಅದಕ್ಕೂ ಹೇಳುತ್ತಿದ್ದದ್ದು 46 ಅಶ್ವಶಕ್ತಿ. ಕಾರ್ಬುರೇಟರು ಒಂದೇ! ಕ್ಯಾಮ್, ಕಂಪ್ರೆಷನ್, ಸೈಲೆನ್ಸರ್ ಎಲ್ಲ ಸೇರಿ ಎಂಜಿನ್ ಆಗುವುದು. ಕಾರ್ಬುರೇಟರಿನ ಎಣಿಕೆ ಅದರಲ್ಲಿ ಒಂದು ಬಾಬತ್ತು ಅಷ್ಟೇ.

ಇಲ್ಲಿನ ಪೊಲೀಸರು ಕೊಂಡ ಟ್ರಯಂಫ್‌ಗಳೂ ಟಿಆರ್6 ಜಾತಿಯವು, ಒಂದೇ ಕಾರ್ಬುರೇಟರಿನವು. ದಿನವಿಡೀ ಓಡಿ, ರಸ್ತೆ ಪಕ್ಕ ನಿಂತು, ಮತ್ತೆ ತಟಕ್ಕನೆ ಓಡಬೇಕಾದ ಗಾಡಿಗೆ ಅವರು ಅದನ್ನೇ ಆರಿಸಿಕೊಂಡರು.

ನನ್ನ ಬಾನವಿಲ್ ಐಡ್ಲಿಂಗ್ ನಿಲ್ಲುವುದಿಲ್ಲ. ಒಂದು ಸಲ ಗೊರಗೊರ, ಒಂದು ಸಲ ಆಫ್. ಮೆಕ್ಯಾನಿಕ್ಕು “ಸಿಂಗಲ್‌ಗೆ ಮಾಡಿಸಿಬಿಡಿ ಸಾರ್” ಅಂತಾರೆ. ಮಾಡಿಸಲೇ?

ಬೇಡ. ಸ್ವಲ್ಪ ತಾಳಿ.

ಮನೆಯಲ್ಲಿ ಏನು ಕಳೆದುಹೋದರೂ ಕೆಲಸದವಳ ಮೇಲೆ ಗುಮಾನಿ ಬೀಳುವ ಹಾಗೆ, ಹಳೇ ಟ್ವಿನ್‌ನಲ್ಲಿ ಏನು ಕೆಟ್ಟರೂ ಕಾರ್ಬುರೇಟರಿನ ಮೇಲೆ ಬೀಳುತ್ತದೆ. ಈ ಬೈಕುಗಳ ಕಾರ್ಬುರೇಟರಿನ ಕಂಪನಿಯ ಹೆಸರೇ ಅಮಲ್ ಬೇರೆ, ಪೆಟ್ರೋಲು ಕುಡಿದು ಅಮಲೇರಿದೆ ಅಂತ ನಾವೂ ನಂಬಿಬಿಡುತ್ತೇವೆ. ಮೊದಲು ವಾಲ್ವ್ ಟ್ಯಾಪೆಟ್, ಅಂದರೆ ವಾಲ್ವ್ ಮೇಲಿನ ಸಂದು, ನೋಡಿ. ಟ್ರಯಂಫ್ 650ಗೆ ತಣ್ಣಗಿರುವಾಗ ಇನ್ಲೆಟ್ 0.002 ಇಂಚು, ಎಕ್ಸಾಸ್ಟ್ 0.004 ಇಂಚು. ಆಮೇಲೆ ಇಗ್ನಿಷನ್ ಟೈಮಿಂಗ್, ಅಂದರೆ ಪ್ಲಗ್ ಕಿಡಿ ಹಾರಿಸುವ ಕ್ಷಣ.

ಟೈಮಿಂಗ್ ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು, ಏಕೆಂದರೆ ಬಹಳ ಜನ ಎಡವುವುದು ಇಲ್ಲೇ. 1963ರಲ್ಲಿ ಬಂದ ಯೂನಿಟ್ ಎಂಜಿನ್‌ಗಳಿಗೆ (ಎಂಜಿನ್, ಗೇರ್‌ಬಾಕ್ಸ್ ಒಂದೇ ಪೆಟ್ಟಿಗೆಯಲ್ಲಿರುವವು) ಮೊದಲ ಕೆಲವು ವರ್ಷ ಲ್ಯೂಕಸ್ 4ಸಿಎ ಪಾಯಿಂಟ್ ಪ್ಲೇಟ್ ಹಾಕಿದ್ದರು. ಪಾಯಿಂಟ್ ಅಂದರೆ ಕಿಡಿ ಹಾರಿಸುವ ಪುಟ್ಟ ಸ್ವಿಚ್ಚು. ಅದರಲ್ಲಿ ಎರಡು ಸೆಟ್ ಪಾಯಿಂಟ್ ಇದ್ದರೂ ಎರಡು ಸಿಲಿಂಡರಿಗೂ ಬೇರೆ ಬೇರೆಯಾಗಿ ಟೈಮಿಂಗ್ ಕೂರಿಸಲು ಬರುವುದಿಲ್ಲ. ಒಂದನ್ನು ಸರಿಯಾಗಿಟ್ಟರೆ ಇನ್ನೊಂದನ್ನು ಪಾಯಿಂಟ್ ಗ್ಯಾಪ್ ಹೆಚ್ಚು ಕಡಿಮೆ ಮಾಡಿಯೇ ಹೊಂದಿಸಬೇಕು. 1968ರಿಂದ ಬಂದ 6ಸಿಎ ಪ್ಲೇಟಿನಲ್ಲಿ ಒಂದೊಂದನ್ನೂ ಬೇರೆಯಾಗಿ ಕೂರಿಸಬಹುದು. ಪೂರ್ತಿ ಅಡ್ವಾನ್ಸ್‌ನಲ್ಲಿ (ಪಿಸ್ಟನ್ ತುದಿ ಮುಟ್ಟುವ ಮುಂಚೆ ಕಿಡಿ ಹಾರುವುದು) 38 ಡಿಗ್ರಿ ಎರಡೂ ಕಡೆ ಬರಬೇಕು. ಒಂದು ಕಡೆ 38, ಇನ್ನೊಂದು ಕಡೆ 34 ಇದ್ದರೆ ನೀವು ಕಾರ್ಬುರೇಟರುಗಳನ್ನು ವರ್ಷವಿಡೀ ತಿರುಗಿಸುತ್ತಾ ಕೂತರೂ ಎರಡು ಸಿಲಿಂಡರ್ ಹೊಂದುವುದಿಲ್ಲ. ಸ್ಟ್ರೋಬ್ ಲೈಟ್ ಹಿಡಿದು ನೋಡಿ.

ಇದೆಲ್ಲ ಸರಿ ಇದ್ದು, ಎರಡು ಸಿಲಿಂಡರಿನ ಕಂಪ್ರೆಷನ್ನೂ ಸಮ ಇದ್ದರೆ, ಆಗ ಬನ್ನಿ ಕಾರ್ಬುರೇಟರಿಗೆ. ಅಲ್ಲಿ ಮೂರು ಕಳ್ಳರಿದ್ದಾರೆ: ಸವೆದ ಸ್ಲೈಡು, ಗಾಳಿ ನುಗ್ಗುವ ಫ್ಲೇಂಜು (ಕಾರ್ಬುರೇಟರನ್ನು ಎಂಜಿನ್‌ಗೆ ಬಿಗಿಯುವ ಚಪ್ಪಟೆ ಅಂಚು), ಮುಚ್ಚಿಹೋದ ಪೈಲಟ್ ಜೆಟ್ (ಐಡ್ಲಿಂಗಿಗೆ ಪೆಟ್ರೋಲು ಬಿಡುವ ಸಣ್ಣ ತೂತು).

ಸ್ಲೈಡ್ ಸವೆದಿದೆ ಅಂತ ಹೇಗೆ ತಿಳಿಯುವುದು?

ಏರ್ ಫಿಲ್ಟರ್ ಬಿಚ್ಚಿ, ಬೆರಳು ಹಾಕಿ ಸ್ಲೈಡನ್ನು ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿ. ಲಟಲಟ ಅಂದರೆ ಸವೆದಿದೆ. 1967ರಿಂದ ಬಂದ ಅಮಲ್ ಕಾನ್ಸೆಂಟ್ರಿಕ್ ಎಂಬ ಮಾದರಿಯಲ್ಲಿ ಮೈಯೂ ಸ್ಲೈಡೂ ಒಂದೇ ಸತುವಿನ ಮಿಶ್ರಲೋಹ. ಒಂದಕ್ಕೊಂದು ಉಜ್ಜಿಕೊಂಡು ಎರಡೂ ಸವೆಯುತ್ತವೆ. ಸಂದಿನಲ್ಲಿ ಗಾಳಿ ನುಗ್ಗಿದ ಮೇಲೆ ಐಡ್ಲಿಂಗ್ ಸ್ಕ್ರೂ ಹೇಳಿದ ಮಾತು ಕೇಳುವುದಿಲ್ಲ. ಈಗ ಗಟ್ಟಿ ಆನೊಡೈಸ್ ಮಾಡಿದ ಅಲ್ಯೂಮಿನಿಯಮ್ ಸ್ಲೈಡುಗಳು ಸಿಗುತ್ತವೆ, ಮೈ ಬಹಳ ಸವೆಯದಿದ್ದರೆ ಅವನ್ನು ಹಾಕಿದರೆ ಸಾಕು. ಮೈಯೇ ಅಂಡಾಕಾರವಾಗಿದ್ದರೆ ಹೊಸದು ತನ್ನಿ. ಅಮಲ್ ಇವತ್ತಿಗೂ ಹೊಸದಾಗಿ ತಯಾರಾಗುತ್ತಿದೆ, ಹರಾಜಿನಲ್ಲಿ ಯಾರದೋ ಹಳೇ ಕಾರ್ಬುರೇಟರ್ ಕೊಂಡು ಅವರ ತೊಂದರೆಯನ್ನು ಮನೆಗೆ ತಂದುಕೊಳ್ಳಬೇಡಿ.

ಫ್ಲೇಂಜು, ಪೈಲಟ್ ಜೆಟ್ಟು?

ಫ್ಲೇಂಜಿನ ಪಾಠ ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಬಾನವಿಲ್ ತಂದ ಹೊಸತರಲ್ಲಿ, ಗಾಳಿ ನುಗ್ಗಬಾರದು ಅಂತ ಎರಡು ನಟ್ಟುಗಳನ್ನೂ ಮೈಯಲ್ಲಿ ಇದ್ದಬದ್ದ ಬಲ ಹಾಕಿ ಬಿಗಿದೆ. ಮೆತ್ತನೆಯ ಲೋಹ, ಕಿವಿಗಳೆರಡೂ ಬಾಗಿ ಫ್ಲೇಂಜು ದೋಣಿಯಂತಾಯಿತು. ಗಾಳಿ ಮೊದಲಿಗಿಂತ ಹೆಚ್ಚೇ ನುಗ್ಗಿತು. ಮೈ ಹಿಂಡಿ ಸ್ಲೈಡು ಸಿಕ್ಕಿಕೊಂಡು ಒಂದು ಭಾನುವಾರ ಆಕ್ಸಿಲರೇಟರ್ ವಾಪಸ್ಸು ಬರದೆ ತಿರುವಿನಲ್ಲಿ ಬೇಲಿ ಹತ್ತಿರ ನಿಂತೆ. ಬೇಲಿಯಾಚೆಗಿನ ಕುರಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಸ್ಟೀಲ್ ಸ್ಕೇಲನ್ನು ಫ್ಲೇಂಜಿನ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿಯಿರಿ. ಕೆಳಗಿನಿಂದ ಬೆಳಕು ಇಣುಕಿದರೆ ಬಾಗಿದೆ. ದಪ್ಪ ಗಾಜಿನ ಮೇಲೆ 400 ನಂಬರಿನ ವಾಟರ್ ಪೇಪರ್ ಅಂಟಿಸಿ, ಸ್ವಲ್ಪ ಎಣ್ಣೆ ಬಿಟ್ಟು, ಎಂಟರ ಆಕಾರದಲ್ಲಿ ಉಜ್ಜಿ. ಮಧ್ಯದ ಓ ರಿಂಗ್ ಹೊಸದು ಹಾಕಿ. ನಟ್ಟನ್ನು ಬೆರಳಲ್ಲಿ ಕೂರಿಸಿ, ಆಮೇಲೆ ಚಿಕ್ಕ ಸ್ಪ್ಯಾನರಿನಲ್ಲಿ ಅಷ್ಟಷ್ಟೇ. ಹೆಡ್ಡಿಗೂ ಕಾರ್ಬುರೇಟರಿಗೂ ನಡುವೆ ಶಾಖ ತಡೆಯುವ ಪ್ಯಾಕಿಂಗ್ ಇದ್ದರೆ ಅದನ್ನು ಬಿಸಾಡಬೇಡಿ. ಎರಡು ಇನ್ಲೆಟ್‌ಗಳನ್ನು ಜೋಡಿಸುವ ಬ್ಯಾಲೆನ್ಸ್ ಪೈಪಿದ್ದರೆ ಅದರ ರಬ್ಬರು ಒಡೆದಿದೆಯೋ ನೋಡಿ. ಎಂಜಿನ್ ಓಡುತ್ತಿರುವಾಗ ಆ ಜಾಗಕ್ಕೆಲ್ಲ ಸ್ವಲ್ಪ ಸ್ವಲ್ಪ ನೀರು ಸಿಂಪಡಿಸಿದರೆ ಸದ್ದು ಬದಲಾಗುವ ಕಡೆ ಗಾಳಿ ನುಗ್ಗುತ್ತಿದೆ ಎಂದೇ ಅರ್ಥ.

ಪೈಲಟ್ ಜೆಟ್ ಮೊದಮೊದಲ ಕಾನ್ಸೆಂಟ್ರಿಕ್‌ಗಳ ನಂತರ ಬಿಚ್ಚಲು ಬಾರದಂತೆ ಒಳಗೇ ಒತ್ತಿ ಕೂರಿಸಿದ್ದು. ಏರ್ ಸ್ಕ್ರೂ ತೆಗೆದರೆ ಆ ತೂತಿನ ಆಳದಲ್ಲಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕಾರ್ಬುರೇಟರ್ ಕ್ಲೀನರ್ ಹೊಡೆದು ಗಾಳಿ ಬಿಟ್ಟರೆ ಹೋಗುವ ಕಸ ಅಲ್ಲ, ಹಳೇ ಪೆಟ್ರೋಲು ಅಂಟಾಗಿ ಗಟ್ಟಿಯಾಗಿರುತ್ತದೆ. 0.016 ಇಂಚಿನ ಡ್ರಿಲ್ ಬಿಟ್ಟನ್ನು ಕೈಯಲ್ಲೇ ಹಿಡಿದು ಮೆಲ್ಲಗೆ ತೂರಿಸಬೇಕು. ಅಷ್ಟೇ ದಪ್ಪದ ಗಿಟಾರ್ ತಂತಿಯೂ ಆಗುತ್ತದೆ. ಕೊನೆಯ ಕಾಲಿಂಚು ತಡೆಯುತ್ತದೆ, ಆಮೇಲೆ ಒಮ್ಮೆಲೇ ಸಡಿಲವಾಗಿ ಒಳಗೆ ಹೋಗುತ್ತದೆ. ಆ ಕ್ಷಣಕ್ಕೆ ಸಿಗುವ ಸಮಾಧಾನ ಮೂಗು ಕಟ್ಟಿದವನಿಗೆ ನಶ್ಯ ಸಿಕ್ಕಿದಂತೆ.

ಎರಡನ್ನೂ ಹೊಂದಿಸುವುದು ಮನೆಯಲ್ಲೇ ಆಗುತ್ತದೆಯೇ? ವ್ಯಾಕ್ಯೂಮ್ ಗೇಜ್ ಬೇಕೇ?

ಗೇಜ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಕಿವಿ ಇರಬೇಕು.

ಎಂಜಿನ್ ಆಫ್ ಮಾಡಿ, ಏರ್ ಫಿಲ್ಟರ್ ತೆಗೆಯಿರಿ. ಎರಡೂ ಐಡ್ಲಿಂಗ್ ಸ್ಕ್ರೂಗಳನ್ನು ಹೊರಕ್ಕೆ ತಿರುಗಿಸಿ ಸ್ಲೈಡುಗಳು ತಳದವರೆಗೆ ಇಳಿಯುವಂತೆ ಮಾಡಿ. ಆಕ್ಸಿಲರೇಟರನ್ನು ಕೂದಲೆಳೆಯಷ್ಟು ತಿರುಗಿಸಿ ಬಿಡಿ, ಸ್ಲೈಡುಗಳು ತಳಕ್ಕೆ ಬಡಿಯುವ ಸದ್ದು ಕೇಳಿ. “ಟಿಕ್” ಅಂತ ಒಂದೇ ಸದ್ದು ಬಂದರೆ ಎರಡೂ ಒಟ್ಟಿಗೆ ಕೂತಿವೆ. “ಟಿಟಿಕ್” ಅಂದರೆ ಒಂದು ಹಿಂದೆ ಬೀಳುತ್ತಿದೆ. ಬೇಗ ಏಳುವುದರ ಕೇಬಲ್ ಅಡ್ಜಸ್ಟರನ್ನು ಸಡಿಲಿಸುತ್ತಾ ಬನ್ನಿ. ನಂಬಿಕೆ ಬಾರದಿದ್ದರೆ ಒಂದೇ ಅಳತೆಯ ಎರಡು ಡ್ರಿಲ್ ಬಿಟ್ಟುಗಳ ಹಿಂಭಾಗವನ್ನು ಒಂದೊಂದು ಸ್ಲೈಡಿನ ಕೆಳಗೆ ಸಿಕ್ಕಿಸಿ. ಆಕ್ಸಿಲರೇಟರ್ ನಿಧಾನವಾಗಿ ಎತ್ತಿದಾಗ ಎರಡೂ ಒಂದೇ ಕ್ಷಣಕ್ಕೆ ಸಡಿಲವಾಗಬೇಕು. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿಯೂ ಇದನ್ನೇ ನೋಡಿ, ಕೇಬಲ್ ಎಲ್ಲೋ ಬಿಗಿಯುತ್ತಿದ್ದರೆ ಆಗ ಗೊತ್ತಾಗುತ್ತದೆ.

ಆಮೇಲೆ ಏರ್ ಸ್ಕ್ರೂಗಳನ್ನು ಮೆಲ್ಲಗೆ ಪೂರ್ತಿ ಒಳಗೆ ಹಾಕಿ, ಒಂದೂವರೆ ಸುತ್ತು ಹೊರಗೆ ತನ್ನಿ. ಇದು ಗಾಳಿಯ ಸ್ಕ್ರೂ, ಒಳಗೆ ತಿರುಗಿಸಿದರೆ ಮಿಶ್ರಣ ರಿಚ್ (ಪೆಟ್ರೋಲು ಹೆಚ್ಚು) ಆಗುತ್ತದೆ ಅನ್ನುವುದು ನೆನಪಿರಲಿ. ಎಂಜಿನ್ ಬಿಸಿ ಮಾಡಿಕೊಂಡು, ಒಂದು ಸಿಲಿಂಡರಿನ ಪ್ಲಗ್ ಹೊರಗೆ ತೆಗೆದು ವಯರಿಗೆ ಸಿಕ್ಕಿಸಿ, ಹೆಡ್ಡಿನ ಲೋಹಕ್ಕೆ ತಾಗುವಂತೆ, ಪ್ಲಗ್ ತೂತಿನಿಂದ ದೂರ ಇಡಿ. ವಯರನ್ನು ಸುಮ್ಮನೆ ಕಿತ್ತು ಗಾಳಿಯಲ್ಲಿ ನೇತುಬಿಡಬೇಡಿ, ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದ್ದರೆ ಅದು ಸುಟ್ಟುಹೋದೀತು. ಉಳಿದ ಒಂದೇ ಸಿಲಿಂಡರಿನಲ್ಲಿ ಎಂಜಿನ್ ಕುಂಟುತ್ತಾ ಓಡಬೇಕು. ಅದನ್ನು ಹೊಂದಿಸಿ, ಇನ್ನೊಂದು ಕಡೆಗೂ ಅದೇ ಮಾಡಿ. ಒಂದೊಂದು ಕಡೆಗೆ ಒಂದೆರಡು ನಿಮಿಷಕ್ಕಿಂತ ಹೆಚ್ಚು ಬೇಡ. ಎರಡೂ ಜೋಡಿಸಿದಾಗ ಐಡ್ಲಿಂಗ್ ಮೇಲಕ್ಕೇರುತ್ತದೆ, ಎರಡೂ ಸ್ಕ್ರೂಗಳನ್ನು ಒಂದೇ ಅಳತೆಯಲ್ಲಿ ಇಳಿಸಿ. ಸೈಲೆನ್ಸರುಗಳ ಹಿಂದೆ ಅಂಗೈ ಹಿಡಿದರೆ ಎರಡೂ ಕಡೆ ಒಂದೇ ಬಲದ ಬಡಿತ ಸಿಗಬೇಕು. ನನಗೆ ಮೊದಲ ಸಲ ಒಂದು ಮಧ್ಯಾಹ್ನ ಹಿಡಿಯಿತು, ಈಗ ಕಾಫಿ ಆರುವಷ್ಟರಲ್ಲಿ ಮುಗಿಯುತ್ತದೆ.

ಇಷ್ಟೆಲ್ಲ ಬೇಡ, ಎರಡನ್ನು ತೆಗೆದು ಒಂದು ಹಾಕಿಸಿಯೇ ತೀರುತ್ತೇನೆ. ಏನೇನು ಬೇಕು?

ಟ್ರಯಂಫ್‌ನಲ್ಲಿ ತೊಡಕಿರುವುದು ಹೆಡ್ಡಿನಲ್ಲಿ. ಬಾನವಿಲ್ ಹೆಡ್ಡಿನ ಇನ್ಲೆಟ್ ದಾರಿಗಳು ಇಂಗ್ಲಿಷಿನ ವಿ ಆಕಾರದಲ್ಲಿ ಹೊರಕ್ಕೆ ಅಗಲಿಕೊಂಡಿವೆ. ಟಿಆರ್6 ಹೆಡ್ಡಿನವು ನೇರ, ಪಕ್ಕಪಕ್ಕ. ಅಗಲಿದ ದಾರಿಗಳಿಗೆ ಎರಡು ಸೇರಿ ಒಂದಾಗುವ ಮ್ಯಾನಿಫೋಲ್ಡ್ ಸಿಗುತ್ತದೆ, ಆದರೆ ಹೊರಕ್ಕೆ ಹೋಗಿ ಮತ್ತೆ ಒಳಕ್ಕೆ ತಿರುಗುವ ಗಾಳಿ ಆರಾಮವಾಗಿ ಹರಿಯುವುದಿಲ್ಲ. ಗಾಡಿ ಓಡುತ್ತದೆ, ಐಡ್ಲಿಂಗೂ ಚೆನ್ನಾಗಿರುತ್ತದೆ. ಮೇಲಿನ ವೇಗದಲ್ಲಿ ದಮ್ಮು ಕಟ್ಟುತ್ತದೆ. ಸರಿಯಾದ ದಾರಿ ಅಂದರೆ ಟಿಆರ್6 ಹೆಡ್, ಅದರ ಮ್ಯಾನಿಫೋಲ್ಡ್ ಎರಡನ್ನೂ ತರುವುದು. ಅಷ್ಟು ದುಡ್ಡಿಗೆ ಎರಡು ಹೊಸ ಕಾರ್ಬುರೇಟರೇ ಬಂದಾವು, ಲೆಕ್ಕ ಹಾಕಿ ನೋಡಿ.

ತೆಗೆದ ಸಾಮಾನು ಮಾರಬೇಡಿ. ಸ್ಟಬ್ಬು, ಕೇಬಲ್, ಏರ್ ಫಿಲ್ಟರ್, ನಟ್ಟು ಸಹಿತ ಡಬ್ಬದಲ್ಲಿ ಹಾಕಿ ಮೇಲೆ ಹೆಸರು ಬರೆದು ಅಟ್ಟದಲ್ಲಿಡಿ. ಗಾಡಿ ಮಾರುವಾಗ ಕೊಳ್ಳುವವನು ಕೇಳುವ ಮೊದಲ ಪ್ರಶ್ನೆ ಅದೇ.

ಒಂದಿರುವುದಕ್ಕೆ ಎರಡು?

ನೋಡಲು ಚಂದ. ಅದಕ್ಕಿಂತ ಹೆಚ್ಚಿನ ಕಾರಣ ನನಗೆ ಸಿಕ್ಕಿಲ್ಲ.

ಒಂದೇ ಹಾಕಿದರೆ ಎರಡರಷ್ಟು ದೊಡ್ಡದು ಬೇಕಲ್ಲವೇ?

ಬೇಡ. ಸರದಿಯ ಮಾತು ನೆನಪಿಸಿಕೊಳ್ಳಿ. ಒಂದು ಕ್ಷಣಕ್ಕೆ ಒಂದೇ ಸಿಲಿಂಡರ್ ಎಳೆಯುತ್ತಿರುತ್ತದೆ. 1960ರ ದಶಕದ ಕೊನೆಯ ಬಾನವಿಲ್‌ಗೆ 30 ಮಿಲಿಮೀಟರಿನ ಅಮಲ್ 930 ಎರಡು. ಅದೇ ಕಾಲದ ಟಿಆರ್6ಗೆ ಅದೇ 930, ಒಂದು. ದೊಡ್ಡ ಬಾಯಿಯದು ಹಾಕಿದರೆ ಕೆಳಗಿನ ವೇಗದಲ್ಲಿ ಗಾಳಿಯ ಓಟ ನಿಧಾನವಾಗಿ ಪೆಟ್ರೋಲು ಸರಿಯಾಗಿ ಬೆರೆಯುವುದಿಲ್ಲ, ಪಿಕಪ್ ಸಾಯುತ್ತದೆ. ಮೇನ್ ಜೆಟ್ (ಜೋರಾಗಿ ಓಡುವಾಗ ಪೆಟ್ರೋಲು ಬಿಡುವ ತೂತು) ಮಾತ್ರ ಒಂದರದ್ದು ದೊಡ್ಡದಿರುತ್ತದೆ, ಎರಡರಷ್ಟಲ್ಲ. ನಿಮ್ಮ ಇಸವಿಯ ಕೈಪಿಡಿಯಲ್ಲಿರುವ ನಂಬರಿನಿಂದ ಶುರು ಮಾಡಿ. ಯಾರದೋ ಗಾಡಿಯ ಜೆಟ್ ನಂಬರ್ ನಿಮ್ಮದಕ್ಕೆ ಹೊಂದುವುದು ಯಾರದೋ ಕನ್ನಡಕ ನಿಮಗೆ ಹೊಂದಿದಷ್ಟೇ.

ಬೇರೆ ಕಂಪನಿಗಳಲ್ಲಿ ಯಾವುದು ಹೇಗೆ?

ಬಿಎಸ್ಎ ಎ65ರಲ್ಲಿ ಲೈಟ್ನಿಂಗ್‌ಗೆ ಎರಡು, ಥಂಡರ್‌ಬೋಲ್ಟ್‌ಗೆ ಒಂದು. ಟ್ರಯಂಫ್‌ನ 1973ರ ನಂತರದ 750ಗಳಲ್ಲಿ ಟಿ140 ಬಾನವಿಲ್‌ಗೆ ಎರಡು, ಟಿಆರ್7 ಟೈಗರ್‌ಗೆ ಒಂದು. ಬೆಂಗಳೂರಿನ ಒಬ್ಬ ಸ್ನೇಹಿತರು ಬಾನವಿಲ್ ಹುಡುಕಿ ಹುಡುಕಿ ಸಿಗದೆ ಬೇಸರದಲ್ಲಿದ್ದಾಗ ಟೈಗರ್ ತಗೊಳ್ಳಿ ಅಂದೆ. ಹೆಸರಿಗೆ ದುಡ್ಡು ಕೊಡದೆ ಅದೇ ಎಂಜಿನ್ ಮನೆಗೆ ಬರುತ್ತದೆ.

ನಾರ್ಟನ್‌ನಲ್ಲಿ 650ಎಸ್ಎಸ್‌ಗೆ ಎರಡು, 1968ರಲ್ಲಿ ಬಂದ ಮರ್ಕ್ಯುರಿಗೆ ಒಂದು. ಕಮಾಂಡೊಗೆ ಎರಡು. ಕಮಾಂಡೊ ಇಟ್ಟುಕೊಂಡವರಲ್ಲಿ ಎರಡು ಅಮಲ್ ತೆಗೆದು 34 ಮಿಲಿಮೀಟರಿನ ಒಂದೇ ಮಿಕುನಿ (ಜಪಾನಿನ ಕಾರ್ಬುರೇಟರು) ಹಾಕಿಸಿದವರು ಬಹಳ. ನಾನು ಅಂಥದ್ದೊಂದನ್ನು ಓಡಿಸಿದ್ದೇನೆ. ಕೆಳಗಿನಿಂದ ಎಳೆಯುವುದು ಬೆಣ್ಣೆಯಂತೆ, ಒಂದೇ ಕಿಕ್ಕಿಗೆ ಸ್ಟಾರ್ಟ್. ಮೇಲೆ ಹೋದಾಗ ಮಾತ್ರ ಕಮಾಂಡೊ ಕಮಾಂಡೊ ಅನ್ನಿಸಲಿಲ್ಲ. ಕಮಾಂಡೊ ಕೊಳ್ಳುವುದೇ ಆ ಮೇಲಿನ ಓಟಕ್ಕೆ, ಅದನ್ನು ಬಿಟ್ಟುಕೊಡಲು ನನಗೆ ಮನಸ್ಸು ಬಾರದು. ನಿಮಗೆ ಬರಬಹುದು.

ಅಮಲ್ ಬಿಟ್ಟು ಮಿಕುನಿ ಹಾಕುವುದು ಒಳ್ಳೆಯದೇ?

ಮಿಕುನಿ ನಿಧಾನವಾಗಿ ಸವೆಯುತ್ತದೆ. ಅಮಲ್‌ನಂತೆ ಸ್ಟಾರ್ಟ್ ಮಾಡುವ ಮುಂಚೆ ಬಟ್ಟಲು ತುಂಬಿಸುವ ಟಿಕ್ಲರ್ ಗುಂಡಿ ಒತ್ತಿ ಕೈಗೆಲ್ಲ ಪೆಟ್ರೋಲು ಮಾಡಿಕೊಳ್ಳುವ ಗೋಳಿಲ್ಲ, ಚೋಕ್ ಎತ್ತಿದರೆ ಮುಗಿಯಿತು. ಆದರೆ ಸವೆದ ಅಮಲ್ ತೆಗೆದು ಹೊಸ ಮಿಕುನಿ ಹಾಕಿ “ನೋಡಿ, ಮಿಕುನಿ ಎಷ್ಟು ಚೆನ್ನ” ಎನ್ನುವವರು ಹೋಲಿಸುತ್ತಿರುವುದು ಹಳೇ ಚಪ್ಪಲಿಯನ್ನು ಹೊಸ ಚಪ್ಪಲಿಗೆ. ಹೊಸ ಅಮಲ್‌ಗೆ ಹೋಲಿಸಿ ನೋಡಲಿ.

ಬೆಂಗಳೂರಿನಲ್ಲಿ ಓಡಿಸುತ್ತೇನೆ. ಜೆಟ್ ಬದಲಿಸಬೇಕೇ? ಈಗಿನ ಪೆಟ್ರೋಲಿಗೆ ಏನಾದರೂ ಆಗುತ್ತದೆಯೇ?

ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಎತ್ತರ, ಅಂದರೆ 3000 ಅಡಿ. ಹಳೇ ಕೈಪಿಡಿಗಳು 3000ದಿಂದ 6000 ಅಡಿ ಎತ್ತರಕ್ಕೆ ಮೇನ್ ಜೆಟ್ಟನ್ನು ಶೇಕಡಾ 5ರಷ್ಟು ಕಡಿಮೆ ಮಾಡಿ ಎನ್ನುತ್ತವೆ. ಗಾಳಿ ತೆಳುವಾದಷ್ಟೂ ಮಿಶ್ರಣ ರಿಚ್ ಆಗುತ್ತದೆ. ಆದರೆ ಕೈಪಿಡಿ ಬರೆದವರ ಕಾಲದಲ್ಲಿ ಪೆಟ್ರೋಲಿನಲ್ಲಿ ಎಥೆನಾಲ್ ಇರಲಿಲ್ಲ. ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲೇ. ಎಥೆನಾಲ್ ಒಳಗೇ ಆಮ್ಲಜನಕ ಇರುವುದರಿಂದ ಅದೇ ಜೆಟ್ಟಿನಲ್ಲಿ ಮಿಶ್ರಣ ಲೀನ್ (ಪೆಟ್ರೋಲು ಕಡಿಮೆ) ಆಗುತ್ತದೆ. ಎತ್ತರ ಒಂದು ಕಡೆ ಎಳೆದರೆ ಪೆಟ್ರೋಲು ಇನ್ನೊಂದು ಕಡೆ. ನನ್ನ ಲೆಕ್ಕದಲ್ಲಿ ಪೆಟ್ರೋಲಿನ ಎಳೆತವೇ ತುಸು ಜಾಸ್ತಿ. ಹಾಗಾಗಿ ಎತ್ತರ ನೋಡಿ ಜೆಟ್ ಚಿಕ್ಕದು ಮಾಡಲು ಹೋಗಬೇಡಿ. ಕೈಪಿಡಿಯ ಜೆಟ್ಟನ್ನೇ ಹಾಕಿ, ಓಡಿಸಿ, ಪ್ಲಗ್ ಬಣ್ಣ ನೋಡಿ. ಬಿಳಿಚಿಕೊಂಡಿದ್ದರೆ ಒಂದು ಸೈಜು ಮೇಲಕ್ಕೆ.

ಇಂಗ್ಲೆಂಡಿನಲ್ಲೂ 2021ರ ಸೆಪ್ಟೆಂಬರಿನಿಂದ ಮಾಮೂಲಿ ಪೆಟ್ರೋಲಿನಲ್ಲಿ ಶೇಕಡಾ 10ರವರೆಗೆ ಎಥೆನಾಲ್. ನಾವು ಇಲ್ಲಿ ದುಬಾರಿ ಸೂಪರ್ ಪೆಟ್ರೋಲು ಹಾಕಿಸಿಕೊಂಡು ಅರ್ಧ ತಪ್ಪಿಸಿಕೊಳ್ಳುತ್ತೇವೆ. ಎಥೆನಾಲ್ ತೇವ ಹೀರುತ್ತದೆ, ನಿಂತ ಗಾಡಿಯ ಸತುವಿನ ಬಟ್ಟಲಿನಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಎರಡು ಕಾರ್ಬುರೇಟರಿದ್ದರೆ ಕಟ್ಟಿಕೊಳ್ಳುವ ಪೈಲಟ್ ಜೆಟ್ಟೂ ಎರಡು. ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಪೆಟ್ರೋಲು ಕಾಕ್ ಬಂದ್ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಬಟ್ಟಲು ಖಾಲಿ ಮಾಡಿ. ಪೆಟ್ರೋಲು ಪೈಪುಗಳನ್ನು ಎಥೆನಾಲ್ ತಡೆಯುವವಕ್ಕೆ ಬದಲಿಸಿ.

ಮೈಲೇಜ್?

ಸರಿಯಾಗಿ ಟ್ಯೂನ್ ಆದ ಒಂದು, ಸರಿಯಾಗಿ ಟ್ಯೂನ್ ಆದ ಎರಡು, ಇವುಗಳ ನಡುವೆ ವ್ಯತ್ಯಾಸ ಅಲ್ಪ. ಮೈಲೇಜ್ ಮುಖ್ಯವಾದರೆ ಈ ಗಾಡಿ ಯಾಕೆ ಕೊಂಡಿರಿ?

ನನ್ನ ಬುಲೆಟ್ಟಿಗೆ ಎರಡು ಕಾರ್ಬುರೇಟರ್ ಹಾಕಿಸಬಹುದೇ?

ಒಂದು ಬಾಯಿಗೆ ಎರಡು ತುತ್ತೇ? ಒಂದು ಸಿಲಿಂಡರ್, ಒಂದು ಇನ್ಲೆಟ್ ವಾಲ್ವ್. ಇರುವ ಒಂದನ್ನೇ ಬಿಚ್ಚಿ ತೊಳೆಯಿರಿ, ಫ್ಲೇಂಜಿನ ನಟ್ಟು ಮಾತ್ರ ಬಲವಾಗಿ ಬಿಗಿಯಬೇಡಿ.